ಮೀನು ಬೀಳುವುದು ನನ್ನ ಕೈಗುಣಕ್ಕೋ, ಕೆರೆಯ ಪುಣ್ಯಕ್ಕೋ?

ಶಹಾಪುರದ ಗಾಳಗಾರ ಕೇಳಿದ್ದು:

ಶಹಾಪುರದ ಸುತ್ತಲಿನ ಕೆರೆ, ಕಾಲುವೆಗಳಲ್ಲಿ ಮರಲ್ ಹಿಡಿಯುವವನು ನಾನು; ಹಾವಿನಂಥ ತಲೆಯ, ಹೊಂಚು ಹಾಕಿ ಬೇಟೆಯಾಡುವ ಮೀನು ಅದು. ಗಾಳ ಸಿಕ್ಕಿಸಿದ ರಬ್ಬರ್ ಕಪ್ಪೆಯನ್ನು ಜೊಂಡಿನ ಮೇಲೆ ಕುಪ್ಪಳಿಸಿಕೊಂಡು ಎಳೆಯುವ ಬಗೆ ನನ್ನದು. ಅಮೆರಿಕದವರು ಲಾರ್ಜ್‌ಮೌತ್ ಬಾಸ್ ಎಂಬ ಸಿಹಿನೀರಿನ ಮೀನು ಹಿಡಿಯಲು ಬಳಸುವ ಸಾಮಾನು, ಪಟ್ಟು ಎರಡೂ ನಮ್ಮ ಮರಲ್‌ಗೆ ಚೆನ್ನಾಗಿಯೇ ಒಗ್ಗುತ್ತವೆ. ಹೀಗಾಗಿ ರಾತ್ರಿ ಊಟವಾದ ಮೇಲೆ ಬಾಸ್ ಬೇಟೆಯ ವಿಡಿಯೊ ನೋಡುವುದು ಚಟವಾಗಿದೆ. ಅದಕ್ಕೆ ಮನೆಯಲ್ಲಿ ಸಿಗುವ ಮಂಗಳಾರತಿ ಬೇರೆ ಮಾತು.

ಊರಿನಲ್ಲಿ ನನ್ನನ್ನು ‘ಮಾಸ್ಟರ್’ ಎನ್ನುತ್ತಾರೆ. ಹಾಗೆನ್ನುವವರಲ್ಲಿ ಅರ್ಧ ಜನಕ್ಕೆ ಗಾಳಕ್ಕೆ ಗಂಟು ಹಾಕಲೂ ಬರುವುದಿಲ್ಲ, ಇನ್ನರ್ಧ ಜನಕ್ಕೆ ಮೀನು ಬಿಟ್ಟಿ ಬೇಕು. ಅವರ ಹೊಗಳಿಕೆಯನ್ನು ನಂಬುವಷ್ಟು ದಡ್ಡ ನಾನಲ್ಲ. ನಾನು ಹೋಗುವ ಕೆರೆಗೆ ನಾರಾಯಣಪುರ ಎಡದಂಡೆ ಕಾಲುವೆಯ ಬಸಿನೀರು ಬರುತ್ತದೆ. ಬೇಸಿಗೆಯಲ್ಲಿ ಕಾಲುವೆ ನಿಂತಿತೆಂದರೆ ನೀರು ಇಳಿದಿಳಿದು ತೂಬಿನ ಮುಂದಿನ ಗುಂಡಿಯಷ್ಟೇ ಉಳಿಯುತ್ತದೆ, ಕೆರೆಯ ಮೀನೆಲ್ಲ ಅಲ್ಲೇ ಬಂದು ಸೇರುತ್ತದೆ. ಆಗ ಕಣ್ಣು ಮುಚ್ಚಿ ಎಸೆದರೂ ಬೀಳುತ್ತದೆ. ಅದೇ ಕೆರೆ ಶ್ರಾವಣದಲ್ಲಿ ತುಂಬಿ ಭತ್ತದ ಗದ್ದೆಯ ಬದುವಿನವರೆಗೆ ಚಾಚಿಕೊಂಡಾಗ ನನ್ನ ಮಾಸ್ಟರ್‌ಗಿರಿ ಎಲ್ಲಿ ಅಡಗಿಕೊಳ್ಳುತ್ತದೋ ನನಗೇ ತಿಳಿಯದು.

ದೀಪಾವಳಿಗೆ ಭಾಲ್ಕಿ ಕಡೆಯ ಬೀಗರ ಮನೆಗೆ ಹೋದಾಗ ಕಾರಂಜಾ ಹಿನ್ನೀರಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೂ ಎಸೆದೆ. ಒಂದು ಬಾಲವೂ ಅಲ್ಲಾಡಲಿಲ್ಲ. ಪಕ್ಕದಲ್ಲಿ ಬಿದಿರುಕೋಲಿಗೆ ಎರೆಹುಳು ಸಿಕ್ಕಿಸಿಕೊಂಡು ಕುಳಿತ ಹುಡುಗ ಮಾತ್ರ ಜಿಲೇಬಿ (ತಿಲಾಪಿಯಾ) ಮೀನನ್ನು ಎಳೆಯುತ್ತಲೇ ಇದ್ದ, ನನ್ನ ರೀಲ್ ನೋಡಿ ನಗುತ್ತಲೂ ಇದ್ದ.

ಇದರಲ್ಲಿ ನನ್ನ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಹೇಗೆ? ದೊಡ್ಡ ಮೀನಿನ ಜೊತೆಗಿನ ಫೋಟೊ ಹಾಕಿ ‘ಇದೇ ಉತ್ತರ’ ಎನ್ನುವವರು ದಯವಿಟ್ಟು ಬೇರೆ ಕಡೆ ಹೋಗಿ.

ಕಾರಂಜಾ ದಂಡೆ:

ಸರ್, ಆ ಹುಡುಗನ ಜೊತೆ ಹೋಲಿಸಿಕೊಂಡು ಕೊರಗಬೇಡಿ. ಜಿಲೇಬಿ ಎರೆಹುಳುವನ್ನು ಬಿಡುವ ಮೀನೇ ಅಲ್ಲ. ನೀವು ಹುಡುಕಿದ್ದು ಹೊಂಚು ಹಾಕುವ ಮೀನನ್ನು. ಅದು ಬೇಕಿದ್ದರೆ ಬೋಳು ದಂಡೆ ಬಿಟ್ಟು, ನೀರಿನಲ್ಲಿ ಮುಳುಗಿದ ಜಾಲಿಗಿಡಗಳ ಸಂದಿಗೆ ಹೋಗಬೇಕಿತ್ತು.

ದೊಡ್ಡ ಮೀನಿನ ಬಗ್ಗೆ ನೀವು ಹೇಳಿದ್ದು ಸರಿ. ಬಾಸ್ ಮೀನಿನ ವಿಶ್ವದಾಖಲೆಯನ್ನೇ ನೋಡಿ. 1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಎಂಬ ಯುವ ರೈತ ಹಿಡಿದದ್ದು 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕಿಲೊಗೆ ತುಸು ಮೇಲೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಬು ಕುರಿಟಾ ಹಿಡಿದ ಮೀನು ಅದಕ್ಕಿಂತ ಒಂದು ಔನ್ಸಿನಷ್ಟು ಹೆಚ್ಚು ತೂಗಿತು. ಆದರೆ ಹಳೆಯ ದಾಖಲೆ ಮುರಿಯಲು ಎರಡು ಔನ್ಸ್ ಹೆಚ್ಚಿರಬೇಕು ಎಂಬ ನಿಯಮವಿದ್ದುದರಿಂದ ಸರಿಸಮ ಎಂದಾಯಿತು. ಇಷ್ಟಾದರೂ ಬಾಸ್ ಬೇಟೆಯಲ್ಲಿ ನಿಸ್ಸೀಮರು ಯಾರು ಎಂದು ಕೇಳಿದರೆ ಆ ಕಡೆಯವರು ಹೇಳುವುದು ರಿಕ್ ಕ್ಲನ್, ಕೆವಿನ್ ವ್ಯಾನ್‌ಡ್ಯಾಮ್ ಅಂಥವರ ಹೆಸರನ್ನು. ಇಬ್ಬರೂ ಬಾಸ್‌ಮಾಸ್ಟರ್ ಕ್ಲಾಸಿಕ್ ಸ್ಪರ್ಧೆಯನ್ನು ನಾಲ್ಕು ನಾಲ್ಕು ಸಲ ಗೆದ್ದವರು. ಅಲ್ಲಿ ಎಲ್ಲರಿಗೂ ಅದೇ ನೀರು, ಅದೇ ದಿನ, ಅದೇ ಗಾಳಿ. ಈಗ ದಿನಕ್ಕೆ ಒಬ್ಬರಿಗೆ ಐದು ಮೀನಿನ ತೂಕ ಮಾತ್ರ ಲೆಕ್ಕ. 1971ರ ಮೊದಲ ಕ್ಲಾಸಿಕ್‌ನಲ್ಲಂತೂ ಯಾವ ಕೆರೆಗೆ ಹೋಗುತ್ತಿದ್ದೇವೆ ಎಂಬುದನ್ನು ವಿಮಾನ ಮೇಲೇರಿದ ಮೇಲೆ ಹೇಳಿದರು. ಲೇಕ್ ಮೀಡ್ ಎಂದು ಗೊತ್ತಾಗುವ ಹೊತ್ತಿಗೆ ಯಾರಿಗೂ ತಯಾರಿಗೆ ಸಮಯವಿರಲಿಲ್ಲ.

ನಿಮ್ಮಷ್ಟೇ ಪಳಗಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅರ್ಧ ಹೊತ್ತು ಕಳೆದ ಮೇಲೆ ಇಬ್ಬರೂ ಜಾಗ ಅದಲುಬದಲು ಮಾಡಿಕೊಳ್ಳಿ. ಅವರು ಬಿಟ್ಟು ಬಂದ ಜಾಗದಲ್ಲಿ ನಿಮಗೆ ಬಿದ್ದರೆ ಅದು ನಿಮ್ಮದು.

ಶಹಾಪುರದ ಗಾಳಗಾರ:

ಆ ಸ್ಪರ್ಧೆಯವರ ದೋಣಿಯಲ್ಲಿ ನೀರಿನ ತಳವನ್ನೂ ಮೀನನ್ನೂ ತೋರಿಸುವ ಯಂತ್ರಗಳಿರುತ್ತವೆ. ದೋಣಿಯ ಬೆಲೆಗೆ ನಮ್ಮಲ್ಲಿ ಹೊಲ ಬರುತ್ತದೆ. ಅದನ್ನೂ ಕೈಗುಣದ ಲೆಕ್ಕಕ್ಕೆ ಸೇರಿಸುವುದೇ?

ಕಾರಂಜಾ ದಂಡೆ:

ಯಂತ್ರ ಎಲ್ಲರ ಬಳಿಯೂ ಇರುತ್ತದೆ ಸರ್, ಗೆಲ್ಲುವವನು ಒಬ್ಬನೇ.

ಕಮಲಾಪುರದವಳು:

ಚಿಕ್ಕಂದಿನಿಂದ ಅಪ್ಪನ ಹಿಂದೆ ಗಂಡೋರಿ ನಾಲಾ ಜಲಾಶಯಕ್ಕೆ ಹೋಗಿ ಕಲಿತವಳು ನಾನು. ಜೊತೆಗಾರರನ್ನು ಹುಡುಕುವ ಮೊದಲು ಒಬ್ಬರೇ ಮಾಡಬಹುದಾದ ಪರೀಕ್ಷೆ ಇದೆ. ಎಸೆಯುವ ಮುಂಚೆ ಬಾಯಿಬಿಟ್ಟು ಹೇಳಿ: ಇಲ್ಲಿ ಮೀನಿದೆ, ಇಂಥ ಕಾರಣಕ್ಕೆ ಇದೆ. ಜೊಂಡು ಒಂದೆಡೆ ಸೀಳಿದೆ, ಅಲ್ಲಿ ನೀರು ಆಳವಾಗಿದೆ, ಈಗಷ್ಟೇ ಮರಲ್ ಉಸಿರಿಗೆಂದು ಮೇಲೆ ಬಂದು ಗುಳಕ್ಕೆಂದು ಮುಳುಗಿದೆ, ಹೀಗೆ ಏನಾದರೂ ಒಂದು ಕಾರಣ. ಹೇಳಿದ ಜಾಗದಲ್ಲಿ ಬಿದ್ದರೆ ಚೀಟಿಯಲ್ಲಿ ಒಂದು ಗುರುತು, ಸುಮ್ಮನೆ ಎಸೆದಾಗ ಬಿದ್ದರೆ ಬೇರೆ ಗುರುತು. ಮಳೆಗಾಲ ಮುಗಿಯುವ ಹೊತ್ತಿಗೆ ಚೀಟಿಯೇ ಮಾತಾಡುತ್ತದೆ. ಬಿದ್ದ ಮೀನಿಗೆ ಮೂರು ಕಾರಣ ಹುಡುಕುವುದು ಯಾರಿಗಾದರೂ ಬರುತ್ತದೆ, ಅದನ್ನು ಬರೆದುಕೊಳ್ಳಬೇಡಿ.

ಇನ್ನೊಂದು, ತಪ್ಪಿಸಿಕೊಂಡವುಗಳ ಲೆಕ್ಕ. ಮರಲ್ ಕಪ್ಪೆಗೆ ಬಾಯಿ ಹಾಕುವುದು ನಿಮಗೆ ಗೊತ್ತೇ ಇದೆ. ಜೊಂಡಿನ ಕೆಳಗಿನಿಂದ ನೀರು ಸಿಡಿಯುತ್ತದೆ, ಕಪ್ಪೆ ಮಾಯವಾಗುತ್ತದೆ, ಆ ಕ್ಷಣಕ್ಕೆ ಕೈ ತನ್ನಷ್ಟಕ್ಕೆ ಮೇಲೇಳುತ್ತದೆ. ಆಗ ಎಳೆದರೆ ಗಾಳ ಬಾಯಿಗೆ ಕಚ್ಚದೆ ಕಪ್ಪೆ ಹಾರಿ ಬಂದು ನಿಮ್ಮ ಮುಖಕ್ಕೇ ಬೀಳುತ್ತದೆ. ಕೋಲಿನ ತುದಿ ತಗ್ಗಿಸಿ, ದಾರ ಓರೆಯಾಗಿ ಸರಿಯುವುದನ್ನು ನೋಡಿ, ಭಾರ ಕೈಗೆ ಬಂದ ಮೇಲೆ ಜೋರಾಗಿ ಎತ್ತಬೇಕು. ಮರಲ್ ಬಾಯಿ ಎಲುಬಿನಷ್ಟು ಗಟ್ಟಿ, ಮೆತ್ತಗೆ ಎಳೆದರೆ ಗಾಳ ಇಳಿಯುವುದಿಲ್ಲ. ಬಾಯಿ ಹಾಕಿದ ಮೀನುಗಳಲ್ಲಿ ಎಷ್ಟು ದಂಡೆಗೆ ಬಂದವು ಎಂಬುದರಲ್ಲಿ ಕೆರೆಯ ಪುಣ್ಯ ಕಡಿಮೆ, ನಿಮ್ಮ ಕೈ ಹೆಚ್ಚು.

ಗುರಿ ಪರೀಕ್ಷೆಗೆ ನೀರೇ ಬೇಡ. ರಾಶಿ ಮುಗಿದ ಕಣದಲ್ಲಿ ಹಳೆಯ ಸೈಕಲ್ ಟೈರ್ ಇಟ್ಟು ಮೂವತ್ತು ಹೆಜ್ಜೆ ದೂರದಿಂದ ಕಪ್ಪೆ ಎಸೆಯಿರಿ, ಗಾಳ ಕಳಚಿಟ್ಟು. ನಮ್ಮ ಮನೆಯಲ್ಲಿ ಕೋಳಿಗಳು ಈಗಲೂ ನನ್ನನ್ನು ಕಂಡರೆ ದೂರ ಓಡುತ್ತವೆ.

ಚಿಂಚೋಳಿ ಮಳೆ:

ಯಾರೂ ಹೇಳದ ಒಂದು ಮಾತು. ಮಳೆಗಾಲದಲ್ಲಿ ನೀರಿನ ಮೇಲೆ ಮರಲ್‌ನ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಾಣುತ್ತದೆಯಲ್ಲ, ಅದರ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಆ ಗುಂಪಿನ ಮೇಲೆ ಕಪ್ಪೆ ಎಳೆದರೆ ಹಸಿವಿಲ್ಲದಿದ್ದರೂ ಬಂದು ಹೊಡೆಯುತ್ತವೆ. ಅದನ್ನು ಹಿಡಿದು ಫೋಟೊ ತೆಗೆಸಿಕೊಳ್ಳುವವನು ಬೇಟೆಗಾರನಲ್ಲ, ತೊಟ್ಟಿಲ ಮುಂದೆ ನಿಂತ ಕಳ್ಳ. ದೊಡ್ಡ ಮೀನು ಎತ್ತಿದ ಮೇಲೆ ಮರಿಗಳನ್ನು ಉಳಿದ ಮೀನುಗಳು ಮುಗಿಸಿಬಿಡುತ್ತವೆ. ಬಾಸ್ ಕೂಡ ಹಾಗೆಯೇ, ವಸಂತದಲ್ಲಿ ದಂಡೆಯ ಬಳಿ ಗುಂಡಿ ಮಾಡಿ ಗಂಡು ಮೀನು ಮೊಟ್ಟೆ ಕಾಯುತ್ತದೆ, ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತದೆ. ಅದನ್ನು ಹಿಡಿಯುವುದು ಸರಿಯೇ ಎಂಬ ಜಗಳ ಅಲ್ಲಿಯೂ ಮುಗಿದಿಲ್ಲ. ನನ್ನ ಲೆಕ್ಕದಲ್ಲಿ ಅಂಥ ಮೀನಿಗೆ ಸೊನ್ನೆ.

ಭೀಮಾ ಅಂಬಿಗ:

ನಮ್ಮದು ಬಲೆ ಹಾಕುವ ಮನೆ. ನಿಮ್ಮ ಚರ್ಚೆ ಓದಿ ನಗು ಬಂತು, ಆದರೂ ಹೇಳುತ್ತೇನೆ. ನಮ್ಮ ಕಾಕಾ ಮಡುವಿನ ದಂಡೆಯಲ್ಲಿ ಬೀಡಿ ಹಚ್ಚಿ ನಿಲ್ಲುತ್ತಾರೆ. ಬೀಡಿ ಮುಗಿಯುವುದರೊಳಗೆ ‘ಇವತ್ತು ಇಲ್ಲಿ ಬೇಡ’ ಎಂದರೆ ನಾವು ಬಲೆ ಬಿಚ್ಚುವುದಿಲ್ಲ. ಎಲ್ಲಿ ಮೀನಿಲ್ಲ ಎಂದು ಹೇಳಬಲ್ಲಿರಾ? ಗಾಳದವರು ಖಾಲಿ ನೀರಿನ ಮುಂದೆ ಸಂಜೆಯವರೆಗೂ ನಿಂತು ಅದಕ್ಕೆ ತಾಳ್ಮೆ ಎಂದು ಹೆಸರಿಡುತ್ತೀರಿ.

ಕೃಷ್ಣಾ, ಭೀಮಾ ದಂಡೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ಎಸೆಯುವವರನ್ನೂ ನೋಡಿದ್ದೇನೆ. ಮೊಸಳೆಗೆ ನೀವು ಮಾಸ್ಟರ್ ಎಂದು ಗೊತ್ತಿರುವುದಿಲ್ಲ. ಇನ್ನು ಕೆರೆ, ಜಲಾಶಯಗಳ ಮೀನು ಗುತ್ತಿಗೆ ಹಿಡಿದವರದ್ದು. ಕೇಳದೆ ಗಾಳ ಹಾಕಬೇಡಿ, ಮರಿ ಬಿಟ್ಟವರ ಹೊಟ್ಟೆ ಉರಿಯುತ್ತದೆ.

ಶಹಾಪುರದ ಗಾಳಗಾರ:

ಕಾಕಾ ಅವರಿಗೆ ನನ್ನ ನಮಸ್ಕಾರ ತಿಳಿಸಿ. ಖಾಲಿ ನೀರಿನ ಮಾತು ನೇರ ತಾಗಿತು, ಕಾರಂಜಾದ ಆ ಮಧ್ಯಾಹ್ನ ಬೋಳು ದಂಡೆಯನ್ನು ಬಿಟ್ಟು ಕದಲದ್ದಕ್ಕೆ ನಾನೂ ತಾಳ್ಮೆ ಎಂದೇ ಹೆಸರಿಟ್ಟಿದ್ದೆ. ಮರಿಗಳ ವಿಷಯದಲ್ಲಿ ನನ್ನದು ಮೊದಲಿನಿಂದಲೂ ಅದೇ ನಿಲುವು. ಆಷಾಢ, ಶ್ರಾವಣದಲ್ಲಿ ಕೆಂಪು ಕಂಡ ಕಡೆ ಎಸೆಯುವುದಿಲ್ಲ.

ತಂಗಿ ಹೇಳಿದ ಚೀಟಿ ಶುರು ಮಾಡಿದ್ದೇನೆ. ಹೇಳಿ ಎಸೆದ ಜಾಗಕ್ಕಿಂತ ಸುಮ್ಮನೆ ಎಸೆದ ಜಾಗದಲ್ಲೇ ಹೆಚ್ಚು ಬೀಳುತ್ತಿವೆ, ಸದ್ಯಕ್ಕೆ ಕೆರೆ ಮುಂದಿದೆ. ಟೈರ್‌ಗೆ ಎಸೆಯುವ ಗುರಿ ಮಾತ್ರ ಚೆನ್ನಾಗಿ ಕೂಡುತ್ತಿದೆ. ಕಾರಂಜಾ ಸರ್, ನೀವು ಬರುವುದಾದರೆ ಜಾಗ ಬದಲಿಸುವ ಪಂದ್ಯಕ್ಕೆ ನಾನು ಸಿದ್ಧ. ಊರು ಯಾವುದೆಂದು ತಂಗಿಯೇ ಆರಿಸಲಿ, ನಮಗಿಬ್ಬರಿಗೂ ಜೀಪು ಹೊರಟ ಮೇಲೆ ತಿಳಿಸಲಿ.

ಕಮಲಾಪುರದವಳು:

ಆಗಲಿ ಅಣ್ಣಾ. ಗುತ್ತಿಗೆದಾರರ ಒಪ್ಪಿಗೆ ಇರುವ, ಮೊಸಳೆ ಇಲ್ಲದ ನೀರು ನೋಡಿಡುತ್ತೇನೆ. ನಮ್ಮ ಯಜಮಾನರು ತಕ್ಕಡಿ ಹಿಡಿಯುತ್ತಾರೆ, ಅವರಿಗೆ ಮೀನಿನ ವಾಸನೆಯೇ ಆಗದು, ಹಾಗಾಗಿ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ನನ್ನ ಕಡೆಯಿಂದ. ಕಾರಂಜಾ ಅಣ್ಣ ಯಾವ ಭಾನುವಾರ ಬಿಡುವು ಎಂದು ತಿಳಿಸಲಿ.