ಆಲ್ಜಿನೇಟ್ ಮಣಿಗಳು ಫಾಸ್ಫೇಟ್ ಬಫರಿನಲ್ಲಿ ಕರಗುತ್ತಿವೆ: ನನ್ನ ತಪ್ಪು ಎಲ್ಲಿದೆ?

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಎಂ.ಫಾರ್ಮ್ ವಿದ್ಯಾರ್ಥಿನಿ. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಔಷಧವನ್ನು ನಿಧಾನವಾಗಿ ಬಿಡುಗಡೆ ಮಾಡುವ, ಕಡಲಕಳೆಯಿಂದ ದೊರೆಯುವ ಆಲ್ಜಿನೇಟಿನ ಮಣಿಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಶೇ. 2ರ ಸೋಡಿಯಂ ಆಲ್ಜಿನೇಟ್ ದ್ರಾವಣಕ್ಕೆ ಔಷಧವನ್ನು ಬೆರೆಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟಾಗ, ಬೆಂದ ಸಬ್ಬಕ್ಕಿಯಂತಹ ಮಣಿಗಳು ಸೊಗಸಾಗಿಯೇ ಬರುತ್ತವೆ. ಪಿಎಚ್ 1.2ರ ಆಮ್ಲದಲ್ಲಿ 2 ಗಂಟೆ ಇಟ್ಟರೂ ಅವುಗಳ ಆಕಾರ ಕೆಡುವುದಿಲ್ಲ. ಆದರೆ ಪಿಎಚ್ 7.4ರ ಫಾಸ್ಫೇಟ್ ಬಫರಿಗೆ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಹಾಕಿದರೆ ಉಬ್ಬಿ, ಮೆತ್ತಗಾಗಿ, ಕೊನೆಗೆ ಕರಗಿಹೋಗುತ್ತವೆ, ದ್ರಾವಣವೂ ಮಬ್ಬಾಗುತ್ತದೆ. ಜೊತೆಗೆ, ಬೆರೆಸಿದ ಔಷಧದ ಅರ್ಧ ಭಾಗವೂ ಮಣಿಯೊಳಗೆ ಉಳಿಯುತ್ತಿಲ್ಲ. ಮುಂದೆ ಇದೇ ಮಣಿಗಳಲ್ಲಿ ಜೀವಕೋಶಗಳನ್ನು ಇಡಬಹುದೇ ಎಂದು ನಮ್ಮ ಮಾರ್ಗದರ್ಶಕರು ಕೇಳಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಗಿರಿಸೀಮೆಯ ದಂತವೈದ್ಯ, ಚಿಕ್ಕಮಗಳೂರು

ಹಲ್ಲಿನ ಅಚ್ಚು ತೆಗೆಯಲು ನಾವು ದಿನವೂ ಬಳಸುವ ಪುಡಿ ಇದೇ ಆಲ್ಜಿನೇಟ್ ಆದ್ದರಿಂದ ಉತ್ತರಿಸುವ ಧೈರ್ಯ ಮಾಡುತ್ತಿದ್ದೇನೆ. ಆ ಪುಡಿಯಲ್ಲಿ ಗಟ್ಟಿಯಾಗಿಸಲು ಕ್ಯಾಲ್ಸಿಯಂ ಸಲ್ಫೇಟ್ ಇರುತ್ತದೆ, ಜೊತೆಗೆ ಬೇಕೆಂದೇ ಸ್ವಲ್ಪ ಸೋಡಿಯಂ ಫಾಸ್ಫೇಟನ್ನೂ ಸೇರಿಸಿರುತ್ತಾರೆ. ಬಿಡುಗಡೆಯಾದ ಕ್ಯಾಲ್ಸಿಯಂ ಮೊದಲು ಫಾಸ್ಫೇಟಿನ ಪಾಲಾಗುತ್ತದೆ. ಫಾಸ್ಫೇಟ್ ತೀರಿದ ಮೇಲೆಯೇ ಆಲ್ಜಿನೇಟ್ ಹೆಪ್ಪುಗಟ್ಟುತ್ತದೆ. ಪುಡಿಯನ್ನು ಕಲಸಿ ರೋಗಿಯ ಬಾಯಿಗೆ ಇಡಲು ನಮಗೆ ಸಿಗುವ ಸಮಯ ಆ ಫಾಸ್ಫೇಟ್ ಕೊಟ್ಟದ್ದು. ನಿಮ್ಮ ಬಫರಿನಲ್ಲಿ ನಡೆಯುತ್ತಿರುವುದೂ ಅದೇ: ಫಾಸ್ಫೇಟ್ ಮಣಿಯೊಳಗಿನ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತಿದೆ, ನೀವು ಕಂಡ ಮಬ್ಬು ಕ್ಯಾಲ್ಸಿಯಂ ಫಾಸ್ಫೇಟಿನದು.

ಇನ್ನೊಂದು ಮಾತು. ಆಲ್ಜಿನೇಟನ್ನು ಶುದ್ಧೀಕರಿಸಿದ ನೀರಿನಲ್ಲಿಯೇ ಕರಗಿಸಿ. ನಮ್ಮ ಕೊಳವೆ ಬಾವಿಯ ಗಡಸು ನೀರಿನಲ್ಲಿ ಕಲಸಿದ ದಿನ ಅಚ್ಚು ಬೇಗ ಬಿಗಿದುಕೊಳ್ಳುವುದನ್ನು ಕಂಡಿದ್ದೇನೆ.

ಅರಸೀಕೆರೆಯ ಸಂಶೋಧಕ

ವೈದ್ಯರು ಹೇಳಿದ್ದು ಸರಿ. ಅದಕ್ಕೆ ಕಾರಣವನ್ನಷ್ಟೇ ಸೇರಿಸುತ್ತೇನೆ. ಕಂದು ಕಡಲಕಳೆಯಿಂದ ದೊರೆಯುವ ಆಲ್ಜಿನೇಟಿನ ಸರಪಳಿಯಲ್ಲಿ ಮ್ಯಾನ್ಯುರೋನಿಕ್ ಮತ್ತು ಗುಲುರೋನಿಕ್ ಎಂಬ ಎರಡು ಘಟಕಗಳಿವೆ. ಗುಲುರೋನಿಕ್ ಘಟಕಗಳು ಸಾಲಾಗಿರುವ ಕಡೆ ಎರಡು ಸರಪಳಿಗಳ ನಡುವಿನ ಗುಳಿಗಳಲ್ಲಿ ಕ್ಯಾಲ್ಸಿಯಂ, ಟ್ರೇಯಲ್ಲಿ ಮೊಟ್ಟೆ ಕೂತಂತೆ, ಕೂರುತ್ತದೆ; 1973ರಲ್ಲಿ ಮಂಡಿಸಲಾದ ಈ ಮಾದರಿಗೆ ಮೊಟ್ಟೆಪೆಟ್ಟಿಗೆ ಮಾದರಿ ಎಂದೇ ಹೆಸರು. ಆದ್ದರಿಂದ ಗುಲುರೋನಿಕ್ ಅಂಶ ಹೆಚ್ಚಿರುವ ಆಲ್ಜಿನೇಟ್ ಕೊಂಡರೆ ಮಣಿ ಹೆಚ್ಚು ಗಟ್ಟಿಯಾಗುತ್ತದೆ. ಆಮ್ಲದಲ್ಲಿ ಕಾರ್ಬಾಕ್ಸಿಲ್ ಗುಂಪುಗಳು ಪ್ರೋಟಾನ್ ಪಡೆದು ಜಾಲ ಕುಗ್ಗುವುದರಿಂದ ಅಲ್ಲಿ ಆಕಾರ ಕೆಡಲಿಲ್ಲ.

ಫಾಸ್ಫೇಟ್ ಬಫರಿನ ಪರೀಕ್ಷೆಯನ್ನು ಬಿಡಬೇಡಿ, ಆದರೆ ಅದೊಂದನ್ನೇ ನಂಬಬೇಡಿ. ಪಕ್ಕದಲ್ಲಿಯೇ ಫಾಸ್ಫೇಟ್ ಇಲ್ಲದ ಟ್ರಿಸ್ ಬಫರಿಗೆ ಉಪ್ಪನ್ನೂ ಅಲ್ಪ ಕ್ಯಾಲ್ಸಿಯಂ ಅನ್ನೂ ಸೇರಿಸಿ ಇನ್ನೊಂದು ಪ್ರಯೋಗ ನಡೆಸಿದರೆ, ಸೋಡಿಯಂ ಕ್ಯಾಲ್ಸಿಯಂನ ಜಾಗ ಹಿಡಿಯುವುದರಿಂದ ಆಗುವ ಉಬ್ಬರವೆಷ್ಟು, ಫಾಸ್ಫೇಟಿನಿಂದ ಆಗುವ ನಾಶವೆಷ್ಟು ಎಂದು ಬೇರ್ಪಡಿಸಿ ತೋರಿಸಬಹುದು. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಬಂಧದ ಬೆಲೆಯುಳ್ಳ ಭಾಗ ಅದೇ ಆಗುತ್ತದೆ.

ಔಷಧ ಸೋರುವುದಕ್ಕೆ ಮೆಟ್‌ಫಾರ್ಮಿನ್ನಿನ ಸ್ವಭಾವವೇ ಕಾರಣ. ಜಾಲದ ರಂಧ್ರಗಳು ಕೆಲವು ನ್ಯಾನೋಮೀಟರಿನಷ್ಟಿದ್ದರೆ, ನೀರಿನಲ್ಲಿ ಸುಲಭವಾಗಿ ಕರಗುವ ಅಷ್ಟು ಚಿಕ್ಕ ಅಣುವನ್ನು ಅವು ತಡೆಯಲಾರವು; ಕ್ಯಾಲ್ಸಿಯಂ ದ್ರಾವಣದಲ್ಲಿ ಮಣಿಗಳನ್ನು ನೆನೆಸಿಟ್ಟಿರುವಾಗಲೇ ಅದು ಹೊರಬಿದ್ದಿರುತ್ತದೆ. ನೆನೆಸುವ ಅವಧಿಯನ್ನು ಕಡಿಮೆ ಮಾಡಿ, ಆ ದ್ರಾವಣಕ್ಕೂ ಔಷಧವನ್ನು ಸೇರಿಸಿ ನೋಡಿ, ಮಣಿಗಳಿಗೆ ಕೈಟೋಸಾನ್ (ಸೀಗಡಿ ಚಿಪ್ಪಿನಿಂದ ಪಡೆಯುವ ಪಾಲಿಮರ್) ಲೇಪ ಕೊಡಿ. ಮೆಟ್‌ಫಾರ್ಮಿನ್ ಮುಖ್ಯವಾಗಿ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಹೀರಲ್ಪಡುವುದರಿಂದ, ಬಿಡುಗಡೆಯನ್ನು ಅತಿಯಾಗಿ ತಡ ಮಾಡುವುದರಿಂದಲೂ ಪ್ರಯೋಜನವಿಲ್ಲ.

ಜೀವಕೋಶಗಳ ವಿಷಯ ಬೇರೆಯೇ. 1980ರಲ್ಲಿ ಲಿಮ್ ಮತ್ತು ಸನ್ ಇನ್ಸುಲಿನ್ ಸ್ರವಿಸುವ ದ್ವೀಪಕೋಶಗಳನ್ನು ಆಲ್ಜಿನೇಟ್ ಮತ್ತು ಪಾಲಿಲೈಸಿನ್ ಪೊರೆಯೊಳಗಿಟ್ಟು, ಮಧುಮೇಹದ ಇಲಿಗಳಲ್ಲಿ ಎರಡು–ಮೂರು ವಾರ ಸಕ್ಕರೆಯನ್ನು ಹತೋಟಿಯಲ್ಲಿಟ್ಟು ತೋರಿಸಿದರು. ಅಲ್ಲಿ ಪೊರೆ ಆಮ್ಲಜನಕ, ಗ್ಲೂಕೋಸ್, ಇನ್ಸುಲಿನ್‌ಗಳನ್ನು ಹಾದುಹೋಗಲು ಬಿಟ್ಟು, ಆತಿಥೇಯ ದೇಹದ ರೋಗನಿರೋಧಕ ಕೋಶಗಳನ್ನು ದೂರವಿಡಬೇಕು. ನಿಮ್ಮ ಮಣಿಗಳು ಸಿರಿಂಜಿನಿಂದ ಬಿದ್ದ 2–3 ಮಿಲಿಮೀಟರಿನವು. ಅವುಗಳ ನಡುವಿನ ಕೋಶಗಳಿಗೆ ಆಮ್ಲಜನಕ ಸಾಲುವುದಿಲ್ಲ, ಏಕೆಂದರೆ ಅದು ಸಲೀಸಾಗಿ ತಲುಪುವ ದೂರ 100–200 ಮೈಕ್ರೋಮೀಟರ್ ಮಾತ್ರ. ಅಂಟಿಕೊಂಡೇ ಬದುಕುವ ಕೋಶಗಳಿಗೆ ಆಲ್ಜಿನೇಟಿನಲ್ಲಿ ಹಿಡಿತವೂ ಇಲ್ಲ. ಅದಕ್ಕಾಗಿ ಆರ್‌ಜಿಡಿ ಪೆಪ್ಟೈಡನ್ನು (ಕೋಶಗಳು ಹಿಡಿದುಕೊಳ್ಳುವ ಕಿರು ಪ್ರೋಟೀನ್ ತುಣುಕು) ಜೋಡಿಸುತ್ತಾರೆ. ಸಾಧಾರಣ ದರ್ಜೆಯ ಪುಡಿಯಲ್ಲಿರುವ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷಾಂಶ) ಮತ್ತು ಪಾಲಿಫಿನಾಲ್‌ಗಳು ದೇಹದಲ್ಲಿ ಉರಿಯೂತ ತರುತ್ತವೆ. ಕ್ರಿಮಿಶುದ್ಧಿಗಾಗಿ ದ್ರಾವಣವನ್ನು ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಕಾಯಿಸಿದರೆ) ಸರಪಳಿ ತುಂಡಾಗುತ್ತದೆ, 0.22 ಮೈಕ್ರೋಮೀಟರ್ ಶೋಧಕದಲ್ಲಿ ಸೋಸುವುದು ಮೇಲು.

ಹೇಮಾವತಿ ದಂಡೆ, ಹಾಸನ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಬ್ಬನ್ನು ಕೊಳೆ ಎಂದುಕೊಂಡು ಮೂರು ಸಲ ಪಾತ್ರೆ ತೊಳೆದಿದ್ದೆ. ಇನ್ನೊಂದು ಸಂದೇಹ: ಜೀವಕೋಶಗಳನ್ನು ಮಣಿಯಿಂದ ಮತ್ತೆ ಹೊರತೆಗೆದು ಎಣಿಸಬೇಕಾದರೆ ಹೇಗೆ?

ಅರಸೀಕೆರೆಯ ಸಂಶೋಧಕ

ಸೋಡಿಯಂ ಸಿಟ್ರೇಟ್ ದ್ರಾವಣದಲ್ಲಿ ಮಣಿಗಳನ್ನು ಹಾಕಿ. ನಿಮ್ಮ ಫಾಸ್ಫೇಟ್ ಮಾಡಿದ ಕೆಲಸವನ್ನು ಸಿಟ್ರೇಟ್ ಮಬ್ಬಿಲ್ಲದೆ ಮಾಡುತ್ತದೆ: ಕ್ಯಾಲ್ಸಿಯಂ ಅನ್ನು ಸೆಳೆದುಕೊಂಡು ಜೆಲ್ ಕರಗಿಸುತ್ತದೆ, ಕೋಶಗಳು ಜೀವಂತವಾಗಿ ಕೈಗೆ ಸಿಗುತ್ತವೆ.