ಡಿಪಿ ಇಳಿಸಿ ಡಿಐ ಎಂಜಿನ್ ಕೂರಿಸೋದು: ಹಳೇ ಮಹೀಂದ್ರ ಪಿಕಪ್‌ಗೆ ಏನೇನು ನೋಡ್ಕೋಬೇಕು?

ಕೇಳಿದವರು, ಜಗಳೂರು:
ಅಣ್ಣಾವ್ರೇ, ಮನೆಯಲ್ಲಿ 90ರ ದಶಕದ ಮಹೀಂದ್ರ ಪಿಕಪ್ ಇದೆ. ಪ್ಯೂಜೋ 2112 ಸಿಸಿ ಡಿಪಿ ಎಂಜಿನ್. ಮೆಕ್ಕೆಜೋಳ ತುಂಬ್ಕೊಂಡು ದಾವಣಗೆರೆ ಎಪಿಎಂಸಿಗೆ ಬರೋವಾಗ ಸಣ್ಣ ಏರಿಗೂ ಎರಡನೇ ಗೇರಿಗೆ ಇಳೀತದೆ. 2523 ಸಿಸಿ ಡಿಐ (ಡೀಸೆಲನ್ನ ನೇರ ಸಿಲಿಂಡರಿಗೇ ಚಿಮ್ಮಿಸೋ) ಎಂಜಿನ್ ಹಾಕ್ಸೋಣ ಅಂತಿದೀನಿ. ಏನೇನು ಸಾಮಾನು ಬೇಕು, ಎಲ್ಲಿ ಕೆಡ್ತದೆ, ಕಾಗದಪತ್ರ ಹೆಂಗೆ? ಗೊತ್ತಿದ್ದೋರು ಹೇಳ್ರಿ.

ಹರಿಹರ, ಗ್ಯಾರೇಜ್:
ತಮ್ಮಾ, ಮೊದಲು ಈಗಿರೋ ಎಂಜಿನ್‌ನ ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ನೋಡ್ಸು. ನಾಲ್ಕು ಸಿಲಿಂಡರ್ ನಡುವೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ, ಅಥವಾ ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸ್ ಬುಸ್ ಅಂತ ಬಂದ್ರೆ, ಗಾಡಿ ಎಳೀದೇ ಇರೋದು ಸಿಸಿ ಕಮ್ಮಿಯಾಗಿ ಅಲ್ಲ, ಎಂಜಿನ್ ಸವೆದು. ಲೈನರ್, ಪಿಸ್ಟನ್, ರಿಂಗು ಹಾಕಿ ನಾಜಲ್ ರಿಪೇರಿ ಮಾಡ್ಸಿದ್ರೂ ಸಾಕಾಗಬಹುದು. ಅದು ಚೆನ್ನಾಗಿದ್ದೂ ಎಳೀತಿಲ್ಲ ಅಂದ್ರೆ ಮಾತ್ರ ಮುಂದಿನ ಮಾತು.

ಡಿಪಿ ಅಂದ್ರೆ 90 ಮಿಮೀ ಬೋರ್ (ಸಿಲಿಂಡರಿನ ಅಗಲ), 83 ಸ್ಟ್ರೋಕ್ (ಪಿಸ್ಟನ್ ಓಡೋ ದೂರ). ಡಿಐ ಅಂದ್ರೆ 88.9 ಬೋರ್, 101.6 ಸ್ಟ್ರೋಕ್. ಅದು ಟ್ರ್ಯಾಕ್ಟರ್ ಎಂಜಿನ್ ವಂಶದ್ದು, ಅದಕ್ಕೇ ಅಳತೆ ಮೂರೂವರೆ ಇಂಚು, ನಾಲ್ಕಿಂಚು. ಉದ್ದ ಸ್ಟ್ರೋಕ್ ಆದ್ರಿಂದ ಕೆಳಗಿನ ಆರ್‌ಪಿಎಂನಲ್ಲೇ ಎಳೀತದೆ. ಸಿಸಿ ಹೆಚ್ಚಾಗೋದು ನಾನೂರು ಚಿಲ್ಲರೆ, ಅದೂ ಬರೋದು ಆ ಸ್ಟ್ರೋಕಿಂದಲೇ.

ಎಂಜಿನ್ ಮಾತ್ರ ತರಬೇಡ. ಅದರ ಗೇರ್‌ಬಾಕ್ಸ್, ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ), ಫ್ಲೈವೀಲ್, ಕ್ಲಚ್ ಸೆಟ್, ಸ್ಟಾರ್ಟರ್, ಮೌಂಟಿಂಗ್ ಬ್ರಾಕೆಟ್ ಎಲ್ಲಾ ಒಂದೇ ಗಾಡಿಯಿಂದ ಬರಲಿ. ಡಿಪಿ ಗೇರ್‌ಬಾಕ್ಸಿಗೆ ಡಿಐ ಎಂಜಿನ್ ನೇರ ಕೂರಲ್ಲ. ನಡುವೆ ಅಡಾಪ್ಟರ್ ಪ್ಲೇಟ್ ಹಾಕಿ ಜೋಡಿಸೋಣ ಅನ್ನೋರ ಮಾತಿಗೆ ಅಲ್ಲಾಡಬೇಡ.

ಚಿತ್ರದುರ್ಗ, ಲೇತ್ ಕೆಲಸ:
ಅಡಾಪ್ಟರ್ ಪ್ಲೇಟ್ ಯಾಕೆ ಬೇಡ ಅನ್ನೋದನ್ನ ನಾನು ಹೇಳ್ತೀನಿ. 12 ಮಿಮೀ ಪ್ಲೇಟ್ ಹಾಕಿದ್ರೆ ಗೇರ್‌ಬಾಕ್ಸ್ 12 ಮಿಮೀ ಹಿಂದೆ ಹೋಗ್ತದೆ. ಇನ್‌ಪುಟ್ ಶಾಫ್ಟಿನ ಮೂಗು ಕ್ರ್ಯಾಂಕಿನ ತುದಿಯ ಪೈಲಟ್ ಬುಶ್ (ಆ ಮೂಗನ್ನ ಹಿಡಿಯೋ ಬಳೆ) ಒಳಗೆ ಅಷ್ಟು ಕಮ್ಮಿ ಕೂರ್ತದೆ, ಕೆಲವು ಸಲ ಹೊರಗೇ ಉಳೀತದೆ. ಕ್ಲಚ್ ಬಿಡೋವಾಗ ಶಾಫ್ಟ್ ಒದರ್ತದೆ, ಕ್ಲಚ್ ಪ್ಲೇಟಿನ ಹಬ್ ಸೀಳ್ತದೆ, ಮುಂದಿನ ಬೇರಿಂಗ್ ಹೋಗ್ತದೆ. ಸ್ಟಾರ್ಟರ್ ಪಿನಿಯನ್ ರಿಂಗ್ ಗೇರ್ ಮೇಲೆ ಅರ್ಧಂಬರ್ಧ ಕಚ್ಚಿ ಹಲ್ಲು ತಿನ್ನೋದೂ ಇದೇ ಕಾರಣಕ್ಕೆ.

ಜೋಡಿ ಎಂಜಿನ್ನೇ ತಂದ್ರೂ ಡೋವೆಲ್ ಪಿನ್ (ಹೌಸಿಂಗನ್ನ ನೆಟ್ಟಗೆ ಕೂರಿಸೋ ಗೂಟ) ಎರಡೂ ಇವೆಯಾ ನೋಡ್ರಿ. ಗುಜರಿಯಲ್ಲಿ ಬಿಚ್ಚೋವಾಗ ಕಳೆದೋಗೋದು ಅದೇ. ಬೋಲ್ಟ್ ಬಿಗಿ ಮಾಡಿದ್ರೆ ಸಾಕು ಅಂತ ಬಿಡಬೇಡ್ರಿ. ಡಯಲ್ ಗೇಜನ್ನ (ಕೂದಲೆಳೆ ವ್ಯತ್ಯಾಸ ತೋರಿಸೋ ಅಳತೆ ಸಾಧನ) ಫ್ಲೈವೀಲಿಗೆ ಕಟ್ಟಿ, ಮುಳ್ಳನ್ನ ಬೆಲ್ ಹೌಸಿಂಗಿನ ನಡುವಿನ ದೊಡ್ಡ ತೂತಿನ ಒಳ ಅಂಚಿಗೆ ಮುಟ್ಟಿಸಿ, ಕ್ರ್ಯಾಂಕನ್ನ ಕೈಯಲ್ಲಿ ಒಂದು ಸುತ್ತು ತಿರುಗಿಸ್ರಿ. ಮುಳ್ಳಿನ ಒಟ್ಟು ಓಡಾಟ 0.25 ಮಿಮೀ ಒಳಗಿರಬೇಕು. ಅದರ ಮೇಲೆ ಹೋದ್ರೆ ಹೌಸಿಂಗನ್ನ ಸರಿಸಿ ಹೊಸ ಪಿನ್ ಹೊಡೀರಿ. ಹತ್ತು ನಿಮಿಷದ ಕೆಲಸ. ಬಿಟ್ರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಗ್ತದೆ.

ಚಾಸಿಗೆ ಬ್ರಾಕೆಟ್ಟನ್ನ ಮೊದಲೇ ಪೂರ್ತಿ ವೆಲ್ಡ್ ಹೊಡೀಬೇಡ್ರಿ. ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ತೂಗುಹಾಕಿ, ರೇಡಿಯೇಟರ್ ಇಟ್ಟು, ಫ್ಯಾನಿಗೂ ರೇಡಿಯೇಟರಿನ ಕೋರಿಗೂ (ಜಾಲರಿ ಭಾಗ) 20ರಿಂದ 25 ಮಿಮೀ ಅಂತರ ಬಂದ ಮೇಲೆ ಚುಕ್ಕೆ ವೆಲ್ಡ್ ಹಾಕ್ರಿ. ಸಂಪು (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಮುಂದಿನ ಆಕ್ಸಲಿಗೆ ತಾಗಬಾರದು. ಪೂರ್ತಿ ಲೋಡ್ ಕೂತಾಗ ಮುಂದಿನ ಪಾಟೆ (ಸ್ಪ್ರಿಂಗ್ ಪಟ್ಟಿ) ಎಷ್ಟು ಇಳೀತದೋ ಅಷ್ಟು ಜಾಗ ಬಿಡ್ಬೇಕು. ಪ್ರಾಪೆಲರ್ ಶಾಫ್ಟ್ (ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲಿಗೆ ಹೋಗೋ ದಂಡ) ಅಳೆಯೋದೂ ಗಾಡಿ ಲೋಡಲ್ಲಿ ಕೂತಾಗಲೇ. ಗೇರ್‌ಬಾಕ್ಸ್ ಫ್ಲೇಂಜು, ಡಿಫ್ (ಹಿಂದಿನ ಆಕ್ಸಲಿನ ಗೇರ್ ಸೆಟ್) ಫ್ಲೇಂಜು ಒಂದಕ್ಕೊಂದು ಸಮಾಂತರ ಇರಲಿ, ಒಂದು ಡಿಗ್ರಿ ಮೀರಬೇಡ್ರಿ. ಶಾಫ್ಟ್ ಕಡಿದು ಜೋಡಿಸಿದ ಮೇಲೆ ಎರಡೂ ತುದಿಯ ಯೋಕ್ (ಕವಲು) ಒಂದೇ ಸಾಲಲ್ಲಿ ಬಂದಿವೆಯಾ ನೋಡಿ, ಬ್ಯಾಲೆನ್ಸ್ ಮಾಡ್ಸ್ರಿ. ಯೋಕ್ ತಪ್ಪಿದ್ರೆ 50 ಕಿಮೀ ಸ್ಪೀಡಿನ ಮೇಲೆ ಸೀಟಿನ ಕೆಳಗೆ ಗುಂಯ್ ಅಂತ ಶುರುವಾಗ್ತದೆ. ಆಮೇಲೆ ಎಂಜಿನ್ ಮೌಂಟ್ ಬದಲಿಸ್ತಾ ಕೂತ್ರೂ ಹೋಗಲ್ಲ.

ಕೇಳಿದವರು:
ಒಳ್ಳೇದಾಯ್ತಣ್ಣಾ. ಸ್ಪೀಡ್ ಬೀಳ್ತದೆ ಅಂತಾರಲ್ಲ, ನಿಜಾನಾ?

ಹರಿಹರ, ಗ್ಯಾರೇಜ್:
ಬೀಳ್ತದೆ. ಡಿಪಿ 4500 ಆರ್‌ಪಿಎಂವರೆಗೂ ಹೋಗೋ ಎಂಜಿನ್, ಡಿಐಯನ್ನ 3000ದ ಆಸುಪಾಸಲ್ಲಿ ಓಡಿಸಬೇಕು. ಹಳೇ ಡಿಫ್ ಹಂಗೇ ಇದ್ರೆ ಟಾಪ್ ಗೇರಿನಲ್ಲಿ ಎಂಜಿನ್ ಆರ್‌ಪಿಎಂ ಬೇಗ ಏರಿಬಿಡ್ತದೆ. ಹಿಂದಿನ ಎರಡೂ ಚಕ್ರ ಎತ್ತಿ, ಎರಡನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಎಣಿಸು, ಅದೇ ಡಿಫ್ ನಂಬರ್. ಟೈರ್ ಒಂದು ಸುತ್ತಿಗೆ 2.2 ಮೀಟರ್ ಹೋಗ್ತದೆ ಅಂತ ಇಟ್ಕೋ. ಡಿಫ್ 5.38 ಇದ್ರೆ 3000 ಆರ್‌ಪಿಎಂನಲ್ಲಿ ಗಂಟೆಗೆ ಸುಮಾರು 74 ಕಿಮೀ, 4.88 ಇದ್ರೆ 81, 4.27 ಇದ್ರೆ 93. ಮೆಕ್ಕೆಜೋಳ ಹೊರೋ ಗಾಡಿಗೆ 4.88 ಸಾಕು. 4.27 ಹಾಕಿದ್ರೆ ಏರಿನಲ್ಲಿ ಸಿಕ್ಕ ಬಲವನ್ನ ಹೈವೇ ಸ್ಪೀಡಿಗೋಸ್ಕರ ಕಳ್ಕೊಂಡಂಗೆ.

ಡಿಐಗೆ ಹೀಟರ್ ಪ್ಲಗ್ (ಸ್ಟಾರ್ಟಿಗೆ ಮುಂಚೆ ಎಂಜಿನ್ ಕಾಯಿಸೋದು) ಬೇಕಿಲ್ಲ, ಆ ವೈರಿಂಗ್ ಬಿಚ್ಚಿ ತುದಿ ಮುಚ್ಚು. ಬ್ರೇಕ್ ಮಾತ್ರ ಹಳೇದೇ ಅನ್ನೋದು ನೆನಪಿರಲಿ: ಲೈನರ್, ವೀಲ್ ಸಿಲಿಂಡರ್ ಹೊಸದು ಹಾಕ್ಸಿ ಆಮೇಲೆ ರೋಡಿಗೆ ಇಳಿಸು. ಎಂಜಿನ್ ದೊಡ್ಡದಾಯ್ತು ಅಂತ ಆರ್‌ಸಿಯಲ್ಲಿರೋ ತೂಕ ದೊಡ್ಡದಾಗಲ್ಲ.

ದಾವಣಗೆರೆ, ಆರ್‌ಟಿಒ ಕಾಗದದ ಕೆಲಸ:
ಎಂಜಿನ್ ಕೊಳ್ಳೋಕೆ ಮೊದಲೇ ಈ ಕೆಲಸ ಮಾಡ್ರಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಎಂಜಿನ್ ಬದಲಿಸೋಕೆ ನೋಂದಣಿ ಅಧಿಕಾರಿ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಬದಲಾಗಿದ್ರೆ 14 ದಿನದೊಳಗೆ ತಿಳಿಸಬೇಕು. ತಯಾರಕರು ಕೊಟ್ಟ ಮೂಲ ವಿವರ ಮೀರಿದ ಮಾರ್ಪಾಡು ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹಂಗಾಗಿ ಸಿಸಿ ಬದಲಾಗೋ ಎಂಜಿನ್‌ಗೆ ಒಪ್ಪಿಗೆ ಸಿಗದೇ ಹೋಗಬಹುದು. ಅರ್ಜಿ ಕೊಟ್ಟು ಉತ್ತರ ಬರಹದಲ್ಲಿ ತಗೊಳ್ರಿ. ಬಾಯಿಮಾತು ಎಫ್‌ಸಿ ದಿನ ಕೆಲಸಕ್ಕೆ ಬರಲ್ಲ.

ಎಂಜಿನ್ ಮಾರಿದವರ ಬಿಲ್, ಅದು ಬಂದ ಗಾಡಿಯ ಆರ್‌ಸಿ ನಕಲು, ಎಂಜಿನ್ ನಂಬರಿನ ಪೆನ್ಸಿಲ್ ಪ್ರಿಂಟ್ ಮೂರೂ ಇಟ್ಕೊಳ್ರಿ. ನಂಬರ್ ಉಜ್ಜಿರೋ ಎಂಜಿನ್ ಎಷ್ಟೇ ಅಗ್ಗ ಇದ್ರೂ ಮುಟ್ಟಬೇಡ್ರಿ. ಆರ್‌ಸಿಯಲ್ಲಿ ಹೊಸ ನಂಬರ್ ಬಂದ ಮೇಲೆ ಇನ್ಶೂರೆನ್ಸಿಗೂ ತಿಳಿಸ್ರಿ. ನಂಬರ್ ತಾಳೆ ಆಗದಿದ್ರೆ ಅಪಘಾತದ ಕ್ಲೇಮು ಅಲ್ಲೇ ನಿಲ್ಲಬಹುದು.

ಚಿತ್ರದುರ್ಗ, ಲೇತ್ ಕೆಲಸ:
ಒಂದು ಬಿಟ್ಟೋಗಿತ್ತು, ರೇಡಿಯೇಟರ್. ಡಿಪಿಯ ಹಳೇ ಕೋರ್ ಇಟ್ಕೊಂಡು ಏಪ್ರಿಲ್ ಬಿಸಿಲಲ್ಲಿ ಲೋಡ್ ಎಳೆದ್ರೆ ಕುದೀತದೆ. ಮೂರು ಸಾಲಿನ ಕೋರ್ ಹಾಕ್ಸಿ, ಫ್ಯಾನಿಗೆ ಕೌಲ್ (ಸುತ್ತುಕವಚ) ಕೂರಿಸ್ರಿ. ಮೆಕ್ಕೆಜೋಳದ ಕಾಲದಲ್ಲಿ ರವದಿ, ಧೂಳು ಕೋರಿನ ಮುಂದೆ ಕಂಬಳಿ ಹೊದ್ದಂಗೆ ಕೂರ್ತದೆ. ವಾರಕ್ಕೊಮ್ಮೆ ಎಂಜಿನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೀರಿ. ಮುಂದಿಂದ ಹೊಡೆದ್ರೆ ಇನ್ನೂ ಒಳಗೆ ಸೇರ್ತದೆ. ಮೊದಲ 500 ಕಿಮೀ ಆದಮೇಲೆ ಮೌಂಟು, ಬೆಲ್ ಹೌಸಿಂಗ್, ಶಾಫ್ಟ್ ಬೋಲ್ಟ್ ಮತ್ತೆ ಬಿಗಿ ಮಾಡಿ, ಆಯಿಲ್ ಬದಲಿಸ್ರಿ.