ತಮ್ಮನಿಗೆ ಪಿಸಿಎಂಬಿ ಕೊಡಿಸೋದಾ, ಪಿಸಿಎಂಸಿನಾ?

ಶಿಡ್ಲಘಟ್ಟದ ಅಕ್ಕ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ತಮ್ಮ ಈ ಸಲ ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ. ಗಣಿತ 91, ವಿಜ್ಞಾನ 88. ಸೈನ್ಸ್ ತಗೊಳ್ಳೋದು ಖಾತ್ರಿ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆ ನಾಲ್ಕನೇ ಸಬ್ಜೆಕ್ಟ್ ಬಯಾಲಜಿನಾ (ಪಿಸಿಎಂಬಿ), ಕಂಪ್ಯೂಟರ್ರಾ (ಪಿಸಿಎಂಸಿ) ಅಂತ ಒಂದು ವಾರದಿಂದ ಮನೆಯಲ್ಲಿ ಚರ್ಚೆ. ಕಂಪ್ಯೂಟರ್ ಇಲ್ಲದಿದ್ದರೆ ಮುಂದೆ ಸಿಎಸ್ (ಕಂಪ್ಯೂಟರ್ ಸೈನ್ಸ್) ಇಂಜಿನಿಯರಿಂಗ್ ಸೀಟು ಸಿಗಲ್ಲ ಅಂತಾರೆ ನಮ್ಮ ಮಾವ.

ಆದರೆ ಹೋದ ಬೆಳೆಯಲ್ಲಿ ನಮಗೆ ಸುಣ್ಣಕಟ್ಟು ರೋಗ ಬಂತು. ನಾಲ್ಕನೇ ಜ್ವರ (ಹುಳು ಪೊರೆ ಬಿಡೋ ಹಂತ) ಎದ್ದ ಹುಳುಗಳು ಬೆಳ್ಳಗೆ, ಸೀಮೆಸುಣ್ಣದ ಚೂರಿನ ಹಾಗೆ ಗಟ್ಟಿಯಾಗಿ ಬಿದ್ದಿದ್ದವು. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ಇವನು ಒಂದು ಹುಳುವನ್ನು ಪೇಪರ್ ಮೇಲಿಟ್ಟು, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ, "ಅಕ್ಕ, ಇದು ಬೂಷ್ಟು. ಮೈಯೊಳಗೆ ಬೆಳೆದು ಹೊರಗೆ ಬಂದಿದೆ ನೋಡು" ಅಂದ. ಆಮೇಲೆ ರಾತ್ರಿಯೆಲ್ಲ ಅದರ ಬಗ್ಗೆಯೇ ಓದಿದ. ಇಂಥವನಿಗೆ ಬಯಾಲಜಿ ಬಿಡಿಸೋಕೆ ನನಗೆ ಮನಸ್ಸಿಲ್ಲ. ಗೊತ್ತಿರೋರು ಹೇಳಿ.

ಕೋಲಾರದ ಮೇಷ್ಟ್ರು:
ತಂಗಿ, ನಿಮ್ಮ ಮಾವನ ಭಯಕ್ಕೆ ಕಾರಣವಿಲ್ಲ. ಸಿಇಟಿ ಪ್ರವೇಶ ಪರೀಕ್ಷೆಯಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕ ಹಿಡಿಯೋದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮಾತ್ರ. ಈ ಮೂರರ ಸಿಇಟಿ ಅಂಕಕ್ಕೆ ಅರ್ಧ, ಸೆಕೆಂಡ್ ಪಿಯುಸಿ ಅಂಕಕ್ಕೆ ಅರ್ಧ ತೂಕ. ಪಿಸಿಎಂಬಿ ಓದಿದವನೂ ಸಿಎಸ್ ಸೇರಬಹುದು. ಆದರೆ ಬಯಾಲಜಿ ಬಿಟ್ಟರೆ ಕೃಷಿ, ತೋಟಗಾರಿಕೆ, ಪಶುವೈದ್ಯಕೀಯದ ದಾರಿ ಕಷ್ಟವಾಗುತ್ತದೆ.

ನಿಮ್ಮ ಮನೆಗೆ ಹತ್ತಿರದಲ್ಲೇ ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜಿದೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು. ಇಲ್ಲಿ ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ. ಇಂಥ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಸಸಿ, ಬೀಜ, ಸಲಕರಣೆ ಗುರುತಿಸೋದು ನಿಮ್ಮ ತಮ್ಮನಿಗೆ ಹೇಳಿಕೊಡಬೇಕಾ? ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ಶಾಲೆಯಿಂದ ಬರೆಸಿಟ್ಟುಕೊಳ್ಳಿ. ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಎರಡಕ್ಕೂ ಬೇಕು. ಕೊನೆ ಗಳಿಗೆಯಲ್ಲಿ ಇದಕ್ಕಾಗಿ ಅಲೆದಾಡೋ ಮಕ್ಕಳನ್ನು ಪ್ರತಿವರ್ಷ ನೋಡ್ತೀನಿ, ಸಂಕಟವಾಗುತ್ತದೆ.

ಗೌರಿಬಿದನೂರು ಹುಡುಗಿ:
ಅಕ್ಕ, ನಾನೂ ಕನ್ನಡ ಮೀಡಿಯಂನಿಂದ ಪಿಸಿಎಂಬಿಗೆ ಬಂದವಳು. ಮೊದಲ ಕೆಲವು ತಿಂಗಳು ಜಾಸ್ತಿ ಕಷ್ಟ. ಮೊದಲ ಟೆಸ್ಟಲ್ಲಿ ಬಯಾಲಜಿಗೆ 50ಕ್ಕೆ 11 ಬಂತು. ದ್ಯುತಿಸಂಶ್ಲೇಷಣೆ ಚೆನ್ನಾಗಿ ಗೊತ್ತಿತ್ತು, ಫೋಟೋಸಿಂಥಸಿಸ್ ಅಂದರೆ ಅದೇ ಅಂತ ಹೊಳೆಯಲಿಲ್ಲ. ಆಮೇಲೆ ನೂರು ಪೇಜಿನ ನೋಟ್‌ಬುಕ್ಕಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಪದ ಬರೆದೆ. ದಿನಕ್ಕೆ ಹತ್ತೇ ಪದ. ದಸರಾ ರಜೆ ಹೊತ್ತಿಗೆ ಪಾಠ ತಲೆಗೆ ಹತ್ತಿತು. ಅವನು ಈ ರಜೆಯಲ್ಲೇ ಶುರು ಮಾಡಲಿ. ಮ್ಯಾಥ್ಸ್ ಮಾತ್ರ ಕೈಬಿಡಬಾರದು. ಬಯಾಲಜಿ ಚಿತ್ರ ಬರೆಯೋದರಲ್ಲೇ ಸಂಜೆ ಕಳೆದುಹೋಗುತ್ತದೆ.

ತುಮಕೂರಿನ ಒಬ್ಬ ಅಪ್ಪ:
ನನ್ನ ಮಗನಿಗೆ ಪಿಸಿಎಂಸಿ ಕೊಡಿಸಿದೆ. ಅವನು ಎಂಟನೇ ಕ್ಲಾಸಿಂದ ಕೋಡಿಂಗ್ ಹುಚ್ಚ, ಹಾಗಾಗಿ ಸರಿಹೋಯಿತು. ನಿಮ್ಮ ಹುಡುಗನದು ಹಾಗಲ್ಲ ಅನ್ನಿಸುತ್ತೆ. ಅವನನ್ನೇ ಕೇಳಿದಿರಾ?

ಶಿಡ್ಲಘಟ್ಟದ ಅಕ್ಕ:
ಕೇಳಿದೆ ಅಣ್ಣ. ಹುಳುಗಳಿಗೆ ಸೊಪ್ಪು ಹಾಕ್ತಾ ಇದ್ದ. "ಬಯಾಲಜಿನೇ ಅಕ್ಕ, ಮಾವನಿಗೆ ನೀನೇ ಹೇಳು" ಅಂದ. ಮೇಷ್ಟ್ರ ಮಾತನ್ನು ಮಾವನಿಗೆ ಫೋನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಫೀಸ್ ಎಷ್ಟು ಅಂತ ಕೇಳಿದರು. ನಾಳೆ ಪ್ರಮಾಣಪತ್ರಕ್ಕೆ ಹೈಸ್ಕೂಲಿಗೆ ಹೋಗ್ತೀವಿ. ಬರ್ತಾ ಎರಡು ನೋಟ್‌ಬುಕ್ ತರ್ತೀನಿ.